ದ್ವಿವ್ಯವಸ್ಥೆಯ ಗಣಕಯಂತ್ರದಲ್ಲಿ ವರ್ಚುವಲ್‌ಬಾಕ್ಸ್ ತಂತ್ರಾಂಶದ ಅವಶೇಷಗಳು ಮತ್ತು ಅವುಗಳ ನಿರ್ಮೂಲನ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಬೇರೆ ಬೇರೆ ಪಾರ್ಟಿಷನ್‌ಗಳಲ್ಲಿ ನೆಲೆಗೊಳಿಸಿ, ಯಂತ್ರವನ್ನು ಚಾಲನೆಗೊಳಿಸುವಾಗ ಬೇಕಾದುದನ್ನು ಆರಿಸಿಕೊಳ್ಳುವ ಏರ್ಪಾಡು ಅಧ್ಯಯನ ವಿಭಾಗಗಳಲ್ಲಿ ಈಗ ಅಪರೂಪವಲ್ಲ. ಇಂಥ ಯಂತ್ರಗಳಲ್ಲಿ ವರ್ಚುವಲ್‌ಬಾಕ್ಸ್ ತಂತ್ರಾಂಶವನ್ನು ಕೆಲವು ಕಾಲ ಬಳಸಿ, ಅನಂತರ ಅದು ಬೇಡವಾದಾಗ ತೆಗೆದುಹಾಕುವುದೂ ಉಂಟು. ಆದರೆ ತೆಗೆದುದಾಯಿತೆಂದು ಭಾವಿಸಿದ ಮೇಲೆಯೂ ಜಾಲಸಂಪರ್ಕಗಳ ಪಟ್ಟಿಯಲ್ಲಿ ಒಂದು ಅಪರಿಚಿತ ಹೆಸರು ಉಳಿದಿರುತ್ತದೆ. ಲಿನಕ್ಸ್ ಕರ್ನೆಲ್ ನವೀಕರಣಗೊಂಡಾಗಲೆಲ್ಲ ಯಾವುದೋ ಮಾಡ್ಯೂಲ್ ಸಿದ್ಧವಾಗಲಿಲ್ಲವೆಂಬ ದೋಷಸೂಚನೆ ಕಾಣಿಸಿಕೊಳ್ಳುತ್ತದೆ. ವಿಂಡೋಸಿನ ರಕ್ಷಣೋಪಾಯಗಳಲ್ಲೊಂದು ಏಕೆ ಜಾರಿಗೆ ಬರುತ್ತಿಲ್ಲವೆಂಬುದು ಬಳಕೆದಾರನಿಗೆ ತಿಳಿಯುವುದೇ ಇಲ್ಲ. ಈ ತೊಡಕುಗಳ ಮೂಲವೇನು, ಅವನ್ನು ಯಾವ ಕ್ರಮದಿಂದ ನಿವಾರಿಸಬೇಕು ಎಂಬುದನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಕಾರ್ಯದಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ತೆಗೆಯಬೇಕಾದುದನ್ನು ಉಳಿಸುವುದು ಮೊದಲನೆಯದು. ಉಳಿಸಬೇಕಾದುದನ್ನು ತೆಗೆಯುವುದು ಎರಡನೆಯದು. ಮೊದಲನೆಯದನ್ನು ನಾಳೆ ಸರಿಪಡಿಸಬಹುದು. ಎರಡನೆಯದರಿಂದ ವರ್ಷಗಳ ಸಂಶೋಧನಾ ಸಾಮಗ್ರಿ ಒಂದು ಕ್ಷಣದಲ್ಲಿ ಇಲ್ಲವಾಗಬಹುದು. ಆದುದರಿಂದ ಏನನ್ನು ಅಳಿಸಬೇಕು ಎಂಬುದರೊಡನೆ ಏನನ್ನು ಅಳಿಸಕೂಡದು ಎಂಬುದಕ್ಕೂ ಇಲ್ಲಿ ಸಮಾನವಾದ ಸ್ಥಾನವನ್ನು ಕೊಟ್ಟಿದೆ.

೧. ಅವಶೇಷಗಳು ಉಳಿಯುವುದಕ್ಕೆ ಕಾರಣ

ಒಂದು ಯಂತ್ರದೊಳಗೆ ಮತ್ತೊಂದು ಯಂತ್ರವನ್ನು ತಂತ್ರಾಂಶದ ಬಲದಿಂದಲೇ ನಿರ್ಮಿಸುವ ಕಲ್ಪನೆ ಹೊಸದಲ್ಲ. ೧೯೬೦ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ಸಿಪಿ-೪೦ ಎಂಬ ವ್ಯವಸ್ಥೆಯ ಮೂಲಕ ಇದು ಕಾರ್ಯಗತವಾಗಿದ್ದಿತು. ೧೯೭೪ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇಂಥ ನಿರ್ಮಾಣಕ್ಕೆ ಯಂತ್ರದಲ್ಲಿ ಯಾವ ಗುಣಗಳಿರಬೇಕೆಂಬುದನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಮೇಜಿನ ಮೇಲಿನ ಸಾಮಾನ್ಯ ಗಣಕಗಳ ಸಂಸ್ಕಾರಕಗಳಿಗೆ ಈ ಕಾರ್ಯಕ್ಕೆಂದೇ ಮೀಸಲಾದ ಸೌಲಭ್ಯವನ್ನು ಇಂಟೆಲ್ ಸಂಸ್ಥೆ ೨೦೦೫ರಲ್ಲಿಯೂ ಎಎಂಡಿ ಸಂಸ್ಥೆ ೨೦೦೬ರಲ್ಲಿಯೂ ಒದಗಿಸಿದವು. ವರ್ಚುವಲ್‌ಬಾಕ್ಸ್ ಜರ್ಮನಿಯ ಇನ್ನೊಟೆಕ್ ಸಂಸ್ಥೆಯ ಕೃತಿ. ೨೦೦೭ರಲ್ಲಿ ಸಾರ್ವಜನಿಕರ ಕೈಗೆ ಬಂದ ಇದು ೨೦೦೮ರಲ್ಲಿ ಸನ್ ಸಂಸ್ಥೆಗೆ ಸೇರಿ, ೨೦೧೦ರಲ್ಲಿ ಒರಾಕಲ್ ಸಂಸ್ಥೆಯ ಅಧೀನವಾಯಿತು.

ಲೇಖನ ಬರೆಯುವ ಅಥವಾ ಚಿತ್ರ ತೋರಿಸುವ ತಂತ್ರಾಂಶವು ಕಾರ್ಯಾಚರಣ ವ್ಯವಸ್ಥೆಯ ಮೇಲ್ಪದರದಲ್ಲಿ ವರ್ತಿಸುತ್ತದೆ. ಅದರ ಕಡತಗಳನ್ನು ಅಳಿಸಿದರೆ ಅದು ಬಹುಮಟ್ಟಿಗೆ ಅಳಿದಂತೆಯೇ. ವರ್ಚುವಲ್ ಯಂತ್ರವನ್ನು ನಡೆಸುವ ತಂತ್ರಾಂಶದ ಸ್ಥಿತಿ ಹಾಗಲ್ಲ. ಅದು ಸಂಸ್ಕಾರಕದ ವಿಶೇಷ ಸೌಲಭ್ಯವನ್ನು ನೇರವಾಗಿ ಹಿಡಿಯಬೇಕು. ಆತಿಥೇಯ ವ್ಯವಸ್ಥೆಯ ಜಾಲಸಂಪರ್ಕದ ನಡುವೆ ನಿಂತು ಅತಿಥಿಯಂತ್ರಕ್ಕೆ ಬರುವ ಮಾಹಿತಿಯನ್ನು ಬೇರ್ಪಡಿಸಿಕೊಡಬೇಕು. ಯುಎಸ್‌ಬಿ ಸಾಧನಗಳನ್ನು ಆತಿಥೇಯನಿಂದ ಪಡೆದು ಅತಿಥಿಗೆ ಒಪ್ಪಿಸಬೇಕು. ಇವುಗಳಲ್ಲಿ ಮುಖ್ಯವಾದುವಕ್ಕೆ ಕರ್ನೆಲಿನೊಳಗೆ ಪ್ರವೇಶ ಅನಿವಾರ್ಯ. ಲಿನಕ್ಸಿನಲ್ಲಿ ವಿಬಾಕ್ಸ್‌ಡ್ರವ್, ವಿಬಾಕ್ಸ್‌ನೆಟ್‌ಫ್ಲ್ಟ್, ವಿಬಾಕ್ಸ್‌ನೆಟ್‌ಎಡಿಪಿ ಎಂಬ ಮೂರು ಮಾಡ್ಯೂಲ್‌ಗಳೂ ವಿಂಡೋಸಿನಲ್ಲಿ ಅವಕ್ಕೆ ಸಂವಾದಿಯಾದ ಡ್ರೈವರ್‌ಗಳೂ ಅಂಥ ಕಾರ್ಯಗಳನ್ನು ನಿರ್ವಹಿಸುತ್ತವೆ. ಕರ್ನೆಲಿನಲ್ಲಿ ಹೆಸರು ನಮೂದಿಸಿಕೊಂಡ ವಸ್ತುವನ್ನು ಆ ನಮೂದಿನೊಡನೆ ತೆಗೆಯದೆ, ಕಡತವನ್ನು ಮಾತ್ರ ಅಳಿಸಿದರೆ, ನಮೂದು ಉಳಿದು ವಸ್ತುವನ್ನು ಹುಡುಕುತ್ತಲೇ ಇರುತ್ತದೆ. ಅವಶೇಷಗಳಿಂದಾಗುವ ತೊಂದರೆಗಳಲ್ಲಿ ಬಹುಪಾಲು ಇದರ ಫಲ.

ದ್ವಿವ್ಯವಸ್ಥೆಯ ಯಂತ್ರದಲ್ಲಿ ಈ ಸಮಸ್ಯೆ ಇಮ್ಮಡಿಯಾಗುತ್ತದೆಯೆಂದು ತೋರಬಹುದು. ವಾಸ್ತವವಾಗಿ ಅದು ಮೂರು ಪಾಲಾಗುತ್ತದೆ. ಲಿನಕ್ಸಿನ ಪಾಲು ಒಂದು, ವಿಂಡೋಸಿನ ಪಾಲು ಇನ್ನೊಂದು. ಎರಡಕ್ಕೂ ಸಮಾನವಾದ ಫರ್ಮ್‌ವೇರ್ ಮತ್ತು ಹಂಚಿಕೊಂಡ ಪಾರ್ಟಿಷನ್‌ಗಳದು ಮೂರನೆಯದು. ಯಾವ ವ್ಯವಸ್ಥೆಯ ತೆಗೆಯುವ ಸಾಧನವೂ ಈ ಮೂರನೆಯ ಪಾಲನ್ನು ನೋಡುವುದಿಲ್ಲ.

೨. ಆರಂಭಕ್ಕೆ ಮುಂಚೆ ರಕ್ಷಿಸಬೇಕಾದುವು

ವರ್ಚುವಲ್ ಯಂತ್ರದ ಡಿಸ್ಕ್ ಎಂಬುದು ಆತಿಥೇಯ ವ್ಯವಸ್ಥೆಯ ದೃಷ್ಟಿಯಲ್ಲಿ ಒಂದು ದೊಡ್ಡ ಕಡತ ಮಾತ್ರ. ಅದರೊಳಗೆ ಸಂಶೋಧಕನ ದತ್ತಾಂಶ, ಹಳೆಯ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಕಡತಗಳು, ಅರ್ಧ ಬರೆದ ಪ್ರಬಂಧ ಮೊದಲಾದುವು ಇರಬಹುದು. ತಂತ್ರಾಂಶವನ್ನು ತೆಗೆಯುವ ಮುನ್ನ ಪ್ರತಿಯೊಂದು ವರ್ಚುವಲ್ ಯಂತ್ರವನ್ನೂ ಕ್ರಮವಾಗಿ ಮುಚ್ಚಿ, ಅದರಲ್ಲಿರುವುದೇನೆಂದು ನೋಡಿ, ಬೇಕಾದುದನ್ನು ಬೇರೊಂದು ಡಿಸ್ಕಿಗೆ ನಕಲು ಮಾಡತಕ್ಕದ್ದು. ನಡುವೆ ನಿಲ್ಲಿಸಿ ಉಳಿಸಿಟ್ಟ ಸ್ಥಿತಿಯಲ್ಲಿರುವ ಯಂತ್ರವನ್ನು ಹಾಗೆಯೇ ಬಿಡಕೂಡದು. ಆ ಸ್ಥಿತಿಯನ್ನು ತಂತ್ರಾಂಶದ ಮತ್ತೊಂದು ಆವೃತ್ತಿ ಅರ್ಥಮಾಡಿಕೊಳ್ಳುವ ಭರವಸೆಯಿಲ್ಲ.

ಇಲ್ಲಿ ಸ್ನ್ಯಾಪ್‌ಶಾಟ್‌ಗಳ ವಿಷಯವಾಗಿ ಒಂದು ಮಾತು. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಆಗುವ ಬದಲಾವಣೆಗಳು ಮೂಲ ಡಿಸ್ಕಿನ ಕಡತದಲ್ಲಿ ಬರೆಯಲ್ಪಡದೆ ಬೇರೊಂದು ಕಡತದಲ್ಲಿ ಸೇರುತ್ತವೆ. ಆದುದರಿಂದ ಮೂಲ ಕಡತವೊಂದನ್ನೇ ನಕಲು ಮಾಡಿಟ್ಟುಕೊಂಡವನು ಸ್ನ್ಯಾಪ್‌ಶಾಟಿಗೆ ಹಿಂದಿನ ಹಳೆಯ ಸ್ಥಿತಿಯನ್ನು ಮಾತ್ರ ಉಳಿಸಿಕೊಂಡಂತಾಗುತ್ತದೆ. ಈ ಸರಪಳಿಯ ನಡುವಿನ ಒಂದು ಕೊಂಡಿಯನ್ನು ಅಳಿಸಿದರೆ ಮುಂದಿನವೆಲ್ಲ ನಿರರ್ಥಕ. ಇಡೀ ಯಂತ್ರವನ್ನು ಓವಿಎ ಎಂಬ ರೂಪದಲ್ಲಿ ರಫ್ತು ಮಾಡಿಕೊಳ್ಳುವುದು ಸುಲಭೋಪಾಯ. ಆ ರೂಪದಲ್ಲಿ ಯಂತ್ರದ ಈಗಿನ ಸ್ಥಿತಿ ಉಳಿಯುತ್ತದೆ, ಹಿಂದಿನ ಸ್ನ್ಯಾಪ್‌ಶಾಟ್‌ಗಳು ಉಳಿಯುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಎರಡನೆಯ ರಕ್ಷಣೆ ವಿಂಡೋಸಿಗೆ ಸಂಬಂಧಿಸಿದ್ದು. ಇತ್ತೀಚಿನ ಅನೇಕ ಯಂತ್ರಗಳಲ್ಲಿ ವಿಂಡೋಸಿನ ಪಾರ್ಟಿಷನ್ ಬಿಟ್‌ಲಾಕರ್ ಗೂಢಲಿಪಿಯಿಂದ ರಕ್ಷಿತವಾಗಿರುತ್ತದೆ. ಬಳಕೆದಾರನಿಗೆ ಇದು ಗೊತ್ತಿರಬೇಕೆಂದಿಲ್ಲ. ಫರ್ಮ್‌ವೇರಿನ ಸೆಕ್ಯೂರ್ ಬೂಟ್ ಏರ್ಪಾಡನ್ನು ಬದಲಿಸಿದಾಗ ಬಿಟ್‌ಲಾಕರ್ ಸಂಶಯಪಟ್ಟು ಮರುಪ್ರಾಪ್ತಿಯ ಕೀಲಿಯನ್ನು ಕೇಳಬಹುದು. ೪೮ ಅಂಕಿಗಳ ಆ ಕೀಲಿ ಕೈಯಲ್ಲಿಲ್ಲದೆ ಹೋದರೆ ವಿಂಡೋಸಿನ ಸಮಸ್ತ ಕಡತಗಳೂ ಮುಚ್ಚಿದ ಬಾಗಿಲ ಹಿಂದೆ ಉಳಿಯುತ್ತವೆ. ಆದುದರಿಂದ ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

೩. ಲಿನಕ್ಸಿನ ಪಾಲು

ಉಬುಂಟು ಮತ್ತು ಡೆಬಿಯನ್ ವ್ಯವಸ್ಥೆಗಳನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದೆ. ತಂತ್ರಾಂಶ ಯಾವ ಮಾರ್ಗದಿಂದ ಯಂತ್ರಕ್ಕೆ ಬಂದಿತೆಂಬುದನ್ನು ಮೊದಲು ನಿರ್ಧರಿಸಬೇಕು. ಬಂದ ಮಾರ್ಗದಿಂದಲೇ ಅದನ್ನು ಹೊರಕಳುಹಿಸುವುದು ಯುಕ್ತ. ಮಾರ್ಗಗಳು ಮೂರು: ವಿತರಣೆಯ ಸ್ವಂತ ಭಂಡಾರದ ಪ್ಯಾಕೇಜು, ಒರಾಕಲ್ ಸಂಸ್ಥೆಯ ಭಂಡಾರದ ಪ್ಯಾಕೇಜು, ಮತ್ತು ಒರಾಕಲ್ ಒದಗಿಸುವ ಸ್ವಯಂಸ್ಥಾಪಕ ಕಡತ. ಮೊದಲಿನ ಎರಡನ್ನು ಪ್ಯಾಕೇಜು ನಿರ್ವಾಹಕ ಬಲ್ಲದು. ಮೂರನೆಯದರ ಸುದ್ದಿ ಅದಕ್ಕೆ ತಿಳಿಯದು. ಆಪ್ಟ್ ಎಂಬ ಕೋಶದೊಳಗಿನ ವರ್ಚುವಲ್‌ಬಾಕ್ಸ್ ಉಪಕೋಶದಲ್ಲಿ ಇರುವ ತೆಗೆಯುವ ಲಿಪಿಯನ್ನೇ ನಡೆಸಬೇಕು.

ಪ್ಯಾಕೇಜನ್ನು ತೆಗೆಯುವುದರಲ್ಲಿ ಎರಡು ಪರಿಗಳುಂಟು. ‘ರಿಮೂವ್’ ಎಂಬ ಆಜ್ಞೆ ಕಡತಗಳನ್ನು ತೆಗೆದು, ವಿನ್ಯಾಸದ ಕಡತಗಳನ್ನು ಬಿಡುತ್ತದೆ. ‘ಪರ್ಜ್’ ಎಂಬ ಆಜ್ಞೆ ಎರಡನ್ನೂ ತೆಗೆಯುತ್ತದೆ. ಮೊದಲನೆಯದನ್ನು ಮಾತ್ರ ಮಾಡಿದ್ದರೆ ಪ್ಯಾಕೇಜುಗಳ ಪಟ್ಟಿಯಲ್ಲಿ ಆ ಹೆಸರಿನ ಹಿಂದೆ ‘ಆರ್‌ಸಿ’ ಎಂಬ ಎರಡಕ್ಷರಗಳ ಗುರುತು ಕಾಣುತ್ತದೆ. ತೆಗೆಯಲಾಗಿದೆ, ಆದರೆ ವಿನ್ಯಾಸ ಉಳಿದಿದೆ ಎಂಬುದು ಅದರ ಅರ್ಥ. ಅಂಥದನ್ನು ಈಗಲೂ ಪರ್ಜ್ ಮಾಡಬಹುದು.

ಅದಕ್ಕೂ ಮೊದಲು ನೆನಪಿನಲ್ಲಿ ತೊಡಗಿರುವ ಮಾಡ್ಯೂಲ್‌ಗಳನ್ನು ಇಳಿಸುವುದು ಒಳ್ಳೆಯದು. ಜಾಲಸಂಪರ್ಕದ ಎರಡು ಮಾಡ್ಯೂಲ್‌ಗಳು ವಿಬಾಕ್ಸ್‌ಡ್ರವ್ ಎಂಬ ಮುಖ್ಯ ಮಾಡ್ಯೂಲನ್ನು ಆಶ್ರಯಿಸಿರುವುದರಿಂದ ಆಶ್ರಿತರನ್ನು ಮೊದಲು, ಆಶ್ರಯವನ್ನು ಅನಂತರ ಇಳಿಸಬೇಕು. ಪ್ಯಾಕೇಜು ಹೋದ ಮೇಲೆ ಪರಿಶೀಲಿಸಬೇಕಾದುವು ಇವು:

(ಅ) ಕರ್ನೆಲ್ ಮಾಡ್ಯೂಲ್‌ಗಳ ಕೋಶ. ವಿತರಣೆಯ ಪ್ಯಾಕೇಜು ಡಿಕೆಎಂಎಸ್ ಎಂಬ ಏರ್ಪಾಡಿನ ಮೂಲಕ ಪ್ರತಿಯೊಂದು ಕರ್ನೆಲಿಗೂ ಮಾಡ್ಯೂಲನ್ನು ಹೊಸದಾಗಿ ಕಟ್ಟುತ್ತದೆ. ಅವು ‘ಅಪ್‌ಡೇಟ್ಸ್’ ಎಂಬ ಉಪಕೋಶದಲ್ಲಿ ಸೇರುತ್ತವೆ. ಒರಾಕಲ್ ಸಂಸ್ಥೆಯ ಪ್ಯಾಕೇಜು ಕಟ್ಟಿದುವು ‘ಮಿಸ್ಕ್’ ಎಂಬ ಉಪಕೋಶದಲ್ಲಿರುತ್ತವೆ. ಯಂತ್ರದಲ್ಲಿ ಮೂರು ಕರ್ನೆಲ್‌ಗಳಿದ್ದರೆ ಮೂರು ಕಡೆಯೂ ನೋಡಬೇಕು. ಡಿಕೆಎಂಎಸ್ ಪಟ್ಟಿಯಲ್ಲಿ ವರ್ಚುವಲ್‌ಬಾಕ್ಸ್ ಹೆಸರು ಉಳಿದಿದ್ದರೆ ಕರ್ನೆಲ್ ನವೀಕರಣದ ಪ್ರತಿಯೊಂದು ಸಲವೂ ಇಲ್ಲದ ಮೂಲದಿಂದ ಮಾಡ್ಯೂಲ್ ಕಟ್ಟಲು ಪ್ರಯತ್ನ ನಡೆದು ದೋಷಸೂಚನೆ ಬರುತ್ತದೆ. ಆ ನಮೂದನ್ನು ಡಿಕೆಎಂಎಸ್ ಆಜ್ಞೆಯಿಂದಲೇ ತೆಗೆಯಬೇಕು.

(ಆ) ಭಂಡಾರದ ನಮೂದು. ಒರಾಕಲ್ ಸಂಸ್ಥೆಯ ಭಂಡಾರವನ್ನು ಸೇರಿಸಿದ್ದರೆ ಅದರ ವಿಳಾಸವೂ ಸಹಿಪರೀಕ್ಷೆಯ ಕೀಲಿಯೂ ಉಳಿದಿರುತ್ತವೆ. ಬಳಸದ ಭಂಡಾರವನ್ನು ನಂಬುತ್ತಲೇ ಇರುವುದು ವಿವೇಕವಲ್ಲ.

(ಇ) ಗುಂಪಿನ ಸದಸ್ಯತ್ವ. ‘ವಿಬಾಕ್ಸ್‌ಯೂಸರ್ಸ್’ ಎಂಬ ಗುಂಪು ಉಳಿದರೆ ಹೆಚ್ಚಿನ ಬಾಧೆಯಿಲ್ಲ. ಆದರೆ ವಿಂಡೋಸಿನ ನಿಜವಾದ ಪಾರ್ಟಿಷನ್ನನ್ನೇ ಲಿನಕ್ಸಿನೊಳಗಿನ ವರ್ಚುವಲ್ ಯಂತ್ರದಲ್ಲಿ ತೆರೆಯಬೇಕೆಂಬ ಆಸೆಯಿಂದ ಕೆಲವರು ತಮ್ಮ ಬಳಕೆದಾರ ಹೆಸರನ್ನು ‘ಡಿಸ್ಕ್’ ಎಂಬ ಗುಂಪಿಗೆ ಸೇರಿಸಿರುತ್ತಾರೆ. ಇದು ದ್ವಿವ್ಯವಸ್ಥೆಯ ಯಂತ್ರಗಳಲ್ಲಿಯೇ ವಿಶೇಷವಾಗಿ ಕಾಣುವ ಅವಶೇಷ. ಅತ್ಯಂತ ಅಪಾಯಕಾರಿಯೂ ಹೌದು. ಆ ಗುಂಪಿನ ಸದಸ್ಯನು ಕಡತಗಳ ಅನುಮತಿಗಳನ್ನೆಲ್ಲ ಮೀರಿ ಎರಡು ವ್ಯವಸ್ಥೆಗಳ ಡಿಸ್ಕುಗಳನ್ನೂ ನೇರವಾಗಿ ಓದಬಲ್ಲನು, ಬರೆಯಬಲ್ಲನು. ಅವನ ಹೆಸರಿನಲ್ಲಿ ನಡೆಯುವ ಯಾವುದೇ ದುಷ್ಟ ತಂತ್ರಾಂಶಕ್ಕೂ ಅದೇ ಅಧಿಕಾರ ದೊರೆಯುತ್ತದೆ. ತಪ್ಪದೆ ಇದನ್ನು ಹಿಂತೆಗೆದುಕೊಳ್ಳತಕ್ಕದ್ದು.

(ಈ) ಕೆವಿಎಂ ನಿಷೇಧ. ಲಿನಕ್ಸಿಗೆ ತನ್ನದೇ ಆದ ಕೆವಿಎಂ ಎಂಬ ವರ್ಚುವಲ್ ಯಂತ್ರ ಸೌಲಭ್ಯವುಂಟು. ೨೦೨೪ರ ನವೆಂಬರಿನಲ್ಲಿ ಹೊರಬಂದ ೬.೧೨ನೆಯ ಕರ್ನೆಲಿನಿಂದ ಮೊದಲುಗೊಂಡು ಕೆವಿಎಂ ತಾನು ನೆನಪಿಗೆ ಬಂದೊಡನೆಯೇ ಸಂಸ್ಕಾರಕದ ಸೌಲಭ್ಯವನ್ನು ವಶಪಡಿಸಿಕೊಳ್ಳುವುದು ರೂಢಿಯಾಯಿತು. ಇದರಿಂದ ವರ್ಚುವಲ್‌ಬಾಕ್ಸ್ ನಡೆಯದಾದಾಗ ಅನೇಕರು ಕೆವಿಎಂ ಮಾಡ್ಯೂಲ್‌ಗಳನ್ನು ನಿಷೇಧಿಸುವ ಕಡತವೊಂದನ್ನು ಬರೆದಿಟ್ಟರು, ಅಥವಾ ಕರ್ನೆಲಿಗೆ ಒಂದು ವಿಶೇಷ ಸೂಚನೆಯನ್ನು ಗ್ರಬ್ ವಿನ್ಯಾಸದಲ್ಲಿ ಸೇರಿಸಿದರು. ಬಳಕೆದಾರನೇ ಬರೆದ ಈ ಸೂಚನೆಗಳನ್ನು ಯಾವ ಪ್ಯಾಕೇಜು ನಿರ್ವಾಹಕವೂ ತೆಗೆಯದು. ವರ್ಚುವಲ್‌ಬಾಕ್ಸ್ ಹೋದ ಮೇಲೂ ಕೆವಿಎಂ ಏಕೆ ಕೆಲಸ ಮಾಡದೆಂದು ಚಿಂತಿಸುವವರು ಮೋಡ್‌ಪ್ರೋಬ್ ವಿನ್ಯಾಸದ ಕೋಶವನ್ನು ಒಮ್ಮೆ ನೋಡಬೇಕು. ಬದಲಾವಣೆಯಾದ ಮೇಲೆ ಆರಂಭಿಕ ರ‍್ಯಾಮ್ ಚಿತ್ರವನ್ನೂ ಗ್ರಬ್ ಪಟ್ಟಿಯನ್ನೂ ನವೀಕರಿಸಬೇಕು.

(ಉ) ಬಳಕೆದಾರನ ಮನೆಕೋಶ. ಪರ್ಜ್ ಆಜ್ಞೆ ಇದನ್ನು ಮುಟ್ಟುವುದಿಲ್ಲ. ಅದು ಉಚಿತವೂ ಹೌದು. ವರ್ಚುವಲ್‌ಬಾಕ್ಸಿನ ವಿನ್ಯಾಸಕೋಶವನ್ನೂ ಯಂತ್ರಗಳ ಕೋಶವನ್ನೂ ಎರಡನೆಯ ವಿಭಾಗದಲ್ಲಿ ಹೇಳಿದ ಪರಿಶೀಲನೆ ಮುಗಿದ ಮೇಲೆ ಕೈಯಿಂದಲೇ ಅಳಿಸಬೇಕು.

೪. ವಿಂಡೋಸಿನ ಪಾಲು

ಮೊದಲ ನಿಯಮ: ವಿಂಡೋಸಿನ ಡ್ರೈವರ್ ಕಡತಗಳನ್ನು ಲಿನಕ್ಸಿನಿಂದ ಅಳಿಸಕೂಡದು. ಲಿನಕ್ಸಿಗೆ ಆ ಪಾರ್ಟಿಷನ್ ತೆರೆದು ಕಾಣುತ್ತದೆ. ಅಲ್ಲಿಂದ ಅಳಿಸಿದರೆ ಯಾರೂ ತಡೆಯರು. ಆದರೆ ವಿಂಡೋಸಿನ ರಿಜಿಸ್ಟ್ರಿಯಲ್ಲಿ ನಮೂದು ಹಾಗೆಯೇ ಉಳಿಯುತ್ತದೆ. ವಿಬಾಕ್ಸ್‌ನೆಟ್‌ಎಲ್‌ಡಬ್ಲ್ಯುಎಫ್ ಎಂಬ ಡ್ರೈವರು ಜಾಲಸಂಪರ್ಕದ ಅಡಾಪ್ಟರುಗಳ ಮೇಲೆ ಶೋಧಕವಾಗಿ ಕುಳಿತಿರುವುದರಿಂದ, ನಮೂದಿದ್ದು ಕಡತವಿಲ್ಲದ ಸ್ಥಿತಿಯಲ್ಲಿ ಜಾಲಸಂಪರ್ಕವೇ ಕೆಡಬಹುದು. ಪ್ರತಿಯೊಂದು ವ್ಯವಸ್ಥೆಯೂ ತನ್ನ ಅಂಗಳವನ್ನು ತಾನೇ ಗುಡಿಸತಕ್ಕದ್ದು.

ಎರಡನೆಯ ನಿಯಮ: ತೆಗೆದ ಮೇಲೆ ವಿಂಡೋಸಿನಲ್ಲಿ ‘ರೀಸ್ಟಾರ್ಟ್’ ಎಂಬುದನ್ನೇ ಆರಿಸಬೇಕು, ‘ಶಟ್ ಡೌನ್’ ಸಾಲದು. ವಿಂಡೋಸ್ ೮ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಜಾರಿಯಲ್ಲಿದ್ದರೆ, ಯಂತ್ರವನ್ನು ಆರಿಸಿದಾಗ ಕರ್ನೆಲ್ ನಿಜವಾಗಿ ಮುಗಿಯುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳಲಾಗುತ್ತದೆ. ತೆಗೆದ ಡ್ರೈವರು ಈ ಉಳಿಸಿಟ್ಟ ಸ್ಥಿತಿಯಲ್ಲಿ ಮತ್ತೆ ತಲೆಯೆತ್ತಬಹುದು. ಇದೇ ಏರ್ಪಾಡು ದ್ವಿವ್ಯವಸ್ಥೆಯ ಯಂತ್ರಗಳಿಗೆ ಇನ್ನೊಂದು ರೀತಿಯಿಂದಲೂ ಅಹಿತಕರ: ಅರ್ಧ ನಿದ್ರಿಸುತ್ತಿರುವ ವಿಂಡೋಸಿನ ಪಾರ್ಟಿಷನ್ನಿನಲ್ಲಿ ಲಿನಕ್ಸಿನಿಂದ ಬರೆದರೆ ಕಡತವ್ಯವಸ್ಥೆ ಹಾಳಾಗುವ ಸಂಭವವುಂಟು. ಇಂಥ ಯಂತ್ರಗಳಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸುವುದೇ ಲೇಸು.

ಅನಂತರದ ಕ್ರಮ ಹೀಗೆ. ತಂತ್ರಾಂಶಗಳ ಪಟ್ಟಿಯಿಂದ ವರ್ಚುವಲ್‌ಬಾಕ್ಸನ್ನು ತೆಗೆದು ಯಂತ್ರವನ್ನು ಪುನರಾರಂಭಿಸಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಮರೆಯಾದ ಸಾಧನಗಳನ್ನೂ ತೋರಿಸುವಂತೆ ಮಾಡಿ, ವರ್ಚುವಲ್‌ಬಾಕ್ಸ್ ಹೋಸ್ಟ್-ಓನ್ಲಿ ಎಂಬ ಹೆಸರಿನ ಅಡಾಪ್ಟರು ಉಳಿದಿದ್ದರೆ ಅದನ್ನು ತೆಗೆಯಬೇಕು. ರೂಢಿಯ ವಿನ್ಯಾಸದಲ್ಲಿ ಇದಕ್ಕೆ ೧೯೨.೧೬೮.೫೬.೧ ಎಂಬ ವಿಳಾಸವಿರುತ್ತದೆ; ಅಪರಿಚಿತವಾದ ಈ ವಿಳಾಸ ಕಂಡುಬಂದರೆ ಅದರ ಮೂಲ ಇಲ್ಲಿದೆಯೆಂದು ಊಹಿಸಬಹುದು. ನಿಜವಾದ ಅಡಾಪ್ಟರಿನ ಗುಣಲಕ್ಷಣಗಳ ಪಟ್ಟಿಯಲ್ಲಿ ವರ್ಚುವಲ್‌ಬಾಕ್ಸಿನ ಶೋಧಕ ಉಳಿದಿದ್ದರೆ ಅದನ್ನು ಅಲ್ಲಿಂದಲೇ ತೆಗೆಯಬೇಕು. ಡ್ರೈವರ್ ಭಂಡಾರದಲ್ಲಿ ಉಳಿದ ಪ್ರತಿಗಳನ್ನು ಪಿಎನ್‌ಪಿಯುಟಿಲ್ ಎಂಬ ಸಾಧನದಿಂದ ಪಟ್ಟಿಮಾಡಿ, ಮೂಲ ಹೆಸರು ವಿಬಾಕ್ಸ್ ಎಂದು ಆರಂಭವಾಗುವುದನ್ನೂ ಒದಗಿಸಿದವರು ಒರಾಕಲ್ ಎಂಬುದನ್ನೂ ಖಚಿತಪಡಿಸಿಕೊಂಡು, ಒಂದೊಂದನ್ನಾಗಿ ಅಳಿಸಬೇಕು. ಇಷ್ಟಾದ ಮೇಲೆಯೂ ರಿಜಿಸ್ಟ್ರಿಯ ಸರ್ವಿಸಸ್ ವಿಭಾಗದಲ್ಲಿ ವಿಬಾಕ್ಸ್ ಹೆಸರಿನ ನಮೂದುಗಳು ಕಂಡರೆ, ಆ ಭಾಗದ ಪ್ರತಿಯೊಂದನ್ನು ಉಳಿಸಿಕೊಂಡು ಅನಂತರ ಅಳಿಸಬಹುದು. ಬಳಕೆದಾರನ ಕೋಶದಲ್ಲಿ ಚುಕ್ಕಿಯಿಂದ ಆರಂಭವಾಗುವ ವರ್ಚುವಲ್‌ಬಾಕ್ಸ್ ಎಂಬ ಕೋಶ ಕಡೆಯದು.

ಇಲ್ಲಿಯೂ ಬಳಕೆದಾರನ ಕೈಬರಹದ ಅವಶೇಷವೊಂದುಂಟು. ವಿಂಡೋಸಿನ ಹೈಪರ್-ವಿ ವರ್ಚುವಲ್‌ಬಾಕ್ಸಿಗೆ ಅಡ್ಡಿಯಾಗುತ್ತದೆಂದು ಹೈಪರ್‌ವೈಸರ್ ಆರಂಭವಾಗದಂತೆ ಬಿಸಿಡಿಎಡಿಟ್ ಸಾಧನದಿಂದ ಸೂಚನೆ ಬರೆದಿರುವವರು ಬಹಳ. ಆ ಸೂಚನೆ ಉಳಿದಿರುವವರೆಗೂ ಲಿನಕ್ಸಿನ ಉಪವ್ಯವಸ್ಥೆಯಾದ ಡಬ್ಲ್ಯುಎಸ್‌ಎಲ್ ೨ ನಡೆಯದು. ಕರ್ನೆಲನ್ನು ದುಷ್ಟ ಡ್ರೈವರುಗಳಿಂದ ಕಾಪಾಡುವ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ನಡೆಯದು. ಅದನ್ನು ‘ಆಟೋ’ ಎಂಬ ಮೊದಲಿನ ಸ್ಥಿತಿಗೆ ಮರಳಿಸತಕ್ಕದ್ದು.

೫. ಎರಡಕ್ಕೂ ಸಮಾನವಾದ ಪಾಲು

ಸೆಕ್ಯೂರ್ ಬೂಟ್ ಜಾರಿಯಲ್ಲಿರುವ ಯಂತ್ರದಲ್ಲಿ ಸಹಿಯಿಲ್ಲದ ಮಾಡ್ಯೂಲನ್ನು ಉಬುಂಟುವಿನ ಕರ್ನೆಲ್ ಒಪ್ಪುವುದಿಲ್ಲ. ಆದುದರಿಂದ ವರ್ಚುವಲ್‌ಬಾಕ್ಸಿನ ಸ್ಥಾಪನೆಯ ಕಾಲದಲ್ಲಿ ಮೋಕ್ ಎಂಬ ಕೀಲಿಜೋಡಿಯೊಂದು ಸೃಷ್ಟಿಯಾಗಿ, ಅದರ ಸಾರ್ವಜನಿಕ ಭಾಗ ಫರ್ಮ್‌ವೇರಿನ ಸ್ಥಿರ ನೆನಪಿನಲ್ಲಿ ದಾಖಲಾಗುತ್ತದೆ. ಗುಪ್ತ ಭಾಗ ಲಿನಕ್ಸಿನ ಡಿಸ್ಕಿನಲ್ಲಿ ಉಳಿಯುತ್ತದೆ. ಪ್ಯಾಕೇಜನ್ನು ಪರ್ಜ್ ಮಾಡಿದರೂ, ಲಿನಕ್ಸಿನ ಪಾರ್ಟಿಷನ್ನನ್ನೇ ಅಳಿಸಿದರೂ ಫರ್ಮ್‌ವೇರಿನ ದಾಖಲೆ ಹೋಗುವುದಿಲ್ಲ. ಗುಪ್ತ ಭಾಗವನ್ನು ಎಂದಾದರೂ ಯಾರಾದರೂ ನಕಲು ಮಾಡಿಕೊಂಡಿದ್ದರೆ, ಅವರು ಸಹಿಮಾಡಿದ ಮಾಡ್ಯೂಲನ್ನು ಈ ಯಂತ್ರ ಇಂದಿಗೂ ನಂಬುತ್ತದೆ.

ಈ ಕೀಲಿಯನ್ನು ಮೋಕ್‌ಯುಟಿಲ್ ಎಂಬ ಸಾಧನದಿಂದ ಪಟ್ಟಿಮಾಡಿ, ಅಳಿಸುವಂತೆ ಕೋರಿಕೆ ಸಲ್ಲಿಸಿ, ತಾತ್ಕಾಲಿಕ ಸಂಕೇತಪದವನ್ನು ಕೊಟ್ಟು ಯಂತ್ರವನ್ನು ಪುನರಾರಂಭಿಸಿದರೆ, ನೀಲಿ ಪರದೆಯ ಮೇಲೆ ದೃಢೀಕರಣ ಕೇಳಲಾಗುತ್ತದೆ. ಆದರೆ ಅದಕ್ಕೆ ಮುನ್ನ ಒಂದು ವಿಚಾರ ಮಾಡಬೇಕು. ಉಬುಂಟುವಿನಲ್ಲಿ ಇದೇ ಕೀಲಿ ಡಿಕೆಎಂಎಸ್ ಕಟ್ಟುವ ಇತರ ಮಾಡ್ಯೂಲ್‌ಗಳಿಗೂ, ಉದಾಹರಣೆಗೆ ಎನ್‌ವಿಡಿಯಾ ಚಿತ್ರಫಲಕದ ಡ್ರೈವರಿಗೂ ಸಹಿಹಾಕಲು ಬಳಕೆಯಾಗುತ್ತಿರಬಹುದು. ಡಿಕೆಎಂಎಸ್ ಪಟ್ಟಿ ಬರಿದಾಗಿದ್ದರೆ ಕೀಲಿಯನ್ನು ತೆಗೆಯಬಹುದು, ಇಲ್ಲವಾದರೆ ಉಳಿಸಬೇಕು.

ಹಂಚಿಕೊಂಡ ಪಾರ್ಟಿಷನ್ನಿನಲ್ಲಿ ವರ್ಚುವಲ್ ಯಂತ್ರಗಳನ್ನು ಇಟ್ಟಿದ್ದರೆ, ಅವು ಎರಡು ವ್ಯವಸ್ಥೆಗಳಿಗೂ ಸೇರಿರಬಹುದು. ಲಿನಕ್ಸಿನಲ್ಲಿ ಬೇಡವಾದುದು ವಿಂಡೋಸಿನಲ್ಲಿ ಬೇಕಾಗಿರಬಹುದು. ಎರಡು ಕಡೆಯ ಬಳಕೆದಾರರನ್ನೂ ವಿಚಾರಿಸದೆ ಅವನ್ನು ಮುಟ್ಟಕೂಡದು.

೬. ಅಳಿಸಕೂಡದ ಹೆಸರುಗಳು

ವಿಬಾಕ್ಸ್ ಎಂಬ ಅಕ್ಷರಗಳಿರುವ ಎಲ್ಲ ಕಡತಗಳನ್ನೂ ಹುಡುಕಿ ಅಳಿಸಿಬಿಡಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಇದು ತಪ್ಪು. ವಿಬಾಕ್ಸ್‌ಗೆಸ್ಟ್, ವಿಬಾಕ್ಸ್‌ಎಸ್‌ಎಫ್, ವಿಬಾಕ್ಸ್‌ವಿಡಿಯೋ ಎಂಬ ಮಾಡ್ಯೂಲ್‌ಗಳು ಲಿನಕ್ಸ್ ಕರ್ನೆಲಿನ ಮೂಲದಲ್ಲಿಯೇ ಸೇರಿವೆ. ಮೊದಲನೆಯದು ೨೦೧೮ರ ೪.೧೬ನೆಯ ಕರ್ನೆಲಿನಲ್ಲಿಯೂ ಎರಡನೆಯದು ೨೦೨೦ರ ೫.೬ನೆಯ ಕರ್ನೆಲಿನಲ್ಲಿಯೂ ಪ್ರವೇಶ ಪಡೆದುವು. ಲಿನಕ್ಸ್ ತಾನೇ ಅತಿಥಿಯಾಗಿ ನಡೆಯುವಾಗ ಬೇಕಾಗುವ ಇವು, ವರ್ಚುವಲ್‌ಬಾಕ್ಸನ್ನು ಎಂದೂ ಕಾಣದ ಯಂತ್ರದಲ್ಲಿಯೂ ಇರುತ್ತವೆ. ಇವು ಅವಶೇಷಗಳಲ್ಲ, ಕರ್ನೆಲ್ ಪ್ಯಾಕೇಜಿನ ಅಂಗಗಳು. ಆತಿಥೇಯನ ಮಾಡ್ಯೂಲ್ ಯಾವುದು, ಅತಿಥಿಯ ಮಾಡ್ಯೂಲ್ ಯಾವುದು ಎಂಬ ಭೇದವನ್ನು ಅರಿತವನಿಗೆ ಈ ಭ್ರಮೆಯಾಗದು. ಕಡತವೊಂದು ಯಾವ ಪ್ಯಾಕೇಜಿಗೆ ಸೇರಿದುದೆಂದು ಡಿಪಿಕೆಜಿ ಸಾಧನವನ್ನು ಕೇಳಬಹುದು. ಒಡೆಯನಿರುವ ಕಡತವನ್ನು ಒಡೆಯನ ಮೂಲಕವೇ ತೆಗೆಯಬೇಕು.

೭. ಪರೀಕ್ಷೆ ಮತ್ತು ಉಪಸಂಹಾರ

ಕಾರ್ಯ ಮುಗಿಯಿತೆಂದು ಹೇಳಬೇಕಾದರೆ ಎರಡು ವ್ಯವಸ್ಥೆಗಳನ್ನೂ ಒಂದೊಂದು ಸಲ ಪೂರ್ಣವಾಗಿ ಪುನರಾರಂಭಿಸಿ ನೋಡಬೇಕು. ಲಿನಕ್ಸಿನಲ್ಲಿ ತೊಡಗಿರುವ ಮಾಡ್ಯೂಲ್‌ಗಳ ಪಟ್ಟಿಯಲ್ಲಿ ವಿಬಾಕ್ಸ್‌ಡ್ರವ್ ಇರಕೂಡದು. ಜಾಲಸಂಪರ್ಕಗಳಲ್ಲಿ ವಿಬಾಕ್ಸ್‌ನೆಟ್ ಇರಕೂಡದು. ಡಿಕೆಎಂಎಸ್ ಪಟ್ಟಿಯಲ್ಲಿಯೂ ಆರ್‌ಸಿ ಗುರುತಿನ ಪ್ಯಾಕೇಜುಗಳಲ್ಲಿಯೂ ಅದರ ಹೆಸರು ಕಾಣಕೂಡದು. ವಿಂಡೋಸಿನಲ್ಲಿ ಮರೆಯಾದ ಸಾಧನಗಳು, ಡ್ರೈವರ್ ಭಂಡಾರ, ಸೇವೆಗಳ ನಮೂದು ಈ ಮೂರೂ ಶುದ್ಧವಾಗಿರಬೇಕು. ಆ ಮೇಲೆ ಒಂದು ಕರ್ನೆಲ್ ನವೀಕರಣ ನಿರ್ದೋಷವಾಗಿ ನೆರವೇರಿತೆಂದರೆ ಲಿನಕ್ಸಿನ ಪಾಲು ನಿಜವಾಗಿ ಮುಗಿದಂತೆ.

ಮೇಲಿನ ವಿವೇಚನೆಯಿಂದ ಒಂದು ಸಾಮಾನ್ಯ ತತ್ತ್ವ ಹೊರಡುತ್ತದೆ. ಯಂತ್ರದಲ್ಲಿ ಉಳಿಯುವ ಅವಶೇಷಗಳು ಎರಡು ಜಾತಿಯವು: ತಂತ್ರಾಂಶ ತಾನೇ ಬಿಟ್ಟುಹೋದುವು, ಮತ್ತು ಅದನ್ನು ನಡೆಸುವುದಕ್ಕಾಗಿ ಬಳಕೆದಾರನು ಬರೆದುವು. ಮೊದಲನೆಯವು ಕಣ್ಣಿಗೆ ಬೀಳುತ್ತವೆ, ಬಾಧೆ ಅಲ್ಪ. ಎರಡನೆಯವು, ಅಂದರೆ ಡಿಸ್ಕ್ ಗುಂಪಿನ ಸದಸ್ಯತ್ವ, ಕೆವಿಎಂ ನಿಷೇಧ, ಹೈಪರ್‌ವೈಸರ್ ತಡೆ, ಫರ್ಮ್‌ವೇರಿಗೆ ಒಪ್ಪಿಸಿದ ಕೀಲಿ ಇವು, ಯಾವ ಪಟ್ಟಿಯಲ್ಲಿಯೂ ವರ್ಚುವಲ್‌ಬಾಕ್ಸಿನ ಹೆಸರಿನಿಂದ ಕಾಣುವುದಿಲ್ಲ. ಯಂತ್ರದ ರಕ್ಷಣೆಯನ್ನು ಸಡಿಲಿಸುವುವು ಇವೇ. ಅನೇಕರು ಬಳಸುವ ವಿಭಾಗದ ಯಂತ್ರಗಳಲ್ಲಿ ಇಂಥ ಬದಲಾವಣೆಯನ್ನು ಮಾಡಿದವರು ಅದರ ದಿನಾಂಕವನ್ನೂ ಕಾರಣವನ್ನೂ ಯಂತ್ರದ ದಾಖಲೆಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ರೂಢಿಸಿಕೊಂಡರೆ, ಮುಂದೆ ಬರುವವರಿಗೆ ಅರ್ಧ ಶ್ರಮ ಉಳಿಯುತ್ತದೆ.